ಹೆನ್ರಿ ಬ್ರಾಕೊನೋ: ಹರಕು ಬಟ್ಟೆಯಲ್ಲಿ ಸಕ್ಕರೆಯನ್ನು ಕಂಡವನು

ಸುಗ್ಗಿ ಮುಗಿದ ಮೇಲೆ ಕಣದಲ್ಲಿಯೂ ಹೊಲದಲ್ಲಿಯೂ ಉಳಿಯುವದೇನು? ಕಾಳು ಮನೆಗೆ ಹೋಗುತ್ತದೆ, ಹುಲ್ಲು ಬಣವೆಗೆ ಏರುತ್ತದೆ. ಹೊಟ್ಟು, ಕೂಳೆ, ಹತ್ತಿಯ ಕಡ್ಡಿ, ತೊಗರಿಯ ಕಟ್ಟಿಗೆ ಇವು ಒಲೆಗೆ ಇಲ್ಲವೆ ತಿಪ್ಪೆಗೆ ಸೇರುತ್ತವೆ. ಉಟ್ಟು ಹರಿದ ಬಟ್ಟೆಯ ಗತಿಯೂ ಇದೇ. ಕಾಳಿನಲ್ಲಿ ಆಹಾರ ಉಂಟು, ಕಡ್ಡಿಯಲ್ಲಿ ಇಲ್ಲ ಎಂದು ನಾವೆಲ್ಲರೂ ಚಿಕ್ಕಂದಿನಿಂದ ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆಯು ಅರ್ಧ ಮಾತ್ರ ನಿಜವೆಂದು ತೋರಿಸಿಕೊಟ್ಟ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಅವನು ಅರಸನಲ್ಲ, ದಂಡನಾಯಕನಲ್ಲ. ಒಂದು ಪಟ್ಟಣದ ಗಿಡಗಳ ತೋಟವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಾಯನು. ಆದರೂ ರಸಾಯನಶಾಸ್ತ್ರವನ್ನು ಅಭ್ಯಾಸಮಾಡುವವರು ಎರಡು ನೂರು ವರುಷಗಳ ತರುವಾಯವೂ ಅವನ ಹೆಸರನ್ನು ಮರೆತಿಲ್ಲ.

ಹೆನ್ರಿ ಬ್ರಾಕೊನೋ ಎಂಬವನು 1780ನೇ ಇಸವಿಯಲ್ಲಿ ಫ್ರಾನ್ಸ್ ದೇಶದ ಪೂರ್ವಭಾಗವಾದ ಲೊರೇನ್ ಸೀಮೆಯ ಕೊಮೆರ್ಸಿ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ನ್ಯಾಯವಾದಿಯಾಗಿದ್ದನು. ಆದರೆ 1787ರಲ್ಲಿ, ಹುಡುಗನಿಗೆ ಏಳು ವರುಷ ತುಂಬುವ ಹೊತ್ತಿಗೆ, ಆ ತಂದೆಯು ತೀರಿಕೊಂಡನು. ಹುಡುಗನು ಊರಿನ ಶಾಲೆಯಲ್ಲಿ ಅಕ್ಷರಗಳನ್ನು ಕಲಿತ ಮೇಲೆ ಹದಿಮೂರನೆಯ ವಯಸ್ಸಿನಲ್ಲಿ ತಾಯಿಯು ಅವನನ್ನು ನಾನ್ಸಿ ಎಂಬ ದೊಡ್ಡ ಪಟ್ಟಣದ ಒಬ್ಬ ಔಷಧಗಾರನ ಅಂಗಡಿಯಲ್ಲಿ ಕೆಲಸ ಕಲಿಯುವದಕ್ಕೆ ಬಿಟ್ಟಳು. ಆ ಕಾಲದಲ್ಲಿ ಔಷಧಗಳು ಬಹುಮಟ್ಟಿಗೆ ಬೇರು, ತೊಗಟೆ, ಎಲೆ, ಬೀಜಗಳಿಂದಲೇ ಆಗುತ್ತಿದ್ದವು. ಕುಟ್ಟುವದು, ಕುದಿಸುವದು, ಸೋಸುವದು, ಗುಲಗಂಜಿಯ ತೂಕವೂ ತಪ್ಪದಂತೆ ತೂಗುವದು ಇವೇ ಅಲ್ಲಿಯ ವಿದ್ಯೆ. ಈ ಕೈಕೆಲಸವೇ ಮುಂದೆ ಅವನ ಜೀವಮಾನದ ಕೆಲಸಕ್ಕೆ ಬುನಾದಿಯಾಯಿತು.

ಅದು ಶಾಂತಿಯ ಕಾಲವಲ್ಲ. 1789ರಲ್ಲಿ ಫ್ರಾನ್ಸಿನ ಪ್ರಜೆಗಳು ಅರಸನ ವಿರುದ್ಧ ಎದ್ದಿದ್ದರು. 1793ರಲ್ಲಿ ಅರಸನ ತಲೆಯನ್ನು ಕಡಿಯಲಾಯಿತು. ನೆರೆಯ ರಾಜ್ಯಗಳೊಡನೆ ಯುದ್ಧಗಳು ಹತ್ತಿಕೊಂಡವು. ಬ್ರಾಕೊನೋ ಎರಡು ವರುಷ ನಾನ್ಸಿಯಲ್ಲಿದ್ದು, ಮೀಸೆ ಮೂಡುವ ಮೊದಲೇ ಸ್ಟ್ರಾಸ್‌ಬರ್ಗ್ ಪಟ್ಟಣಕ್ಕೆ ಹೋಗಿ ದಂಡಿನ ಆಸ್ಪತ್ರೆಯಲ್ಲಿ ಔಷಧಗಳ ಕೆಲಸಕ್ಕೆ ಸೇರಿದನು. ನಮ್ಮಲ್ಲಿ ಹದಿನೈದು ವರುಷದ ಹುಡುಗನು ದನ ಕಾಯುವದನ್ನೋ ಪುಸ್ತಕ ಹಿಡಿಯುವದನ್ನೋ ನೋಡುತ್ತೇವೆ. ಇವನು ಆ ವಯಸ್ಸಿನಲ್ಲಿ ಗಾಯಾಳುಗಳ ನಡುವೆ ನಿಂತು ಔಷಧಗಳನ್ನು ತೂಗುತ್ತಿದ್ದನು.

1801ರಲ್ಲಿ ಅವನು ಪ್ಯಾರಿಸಿಗೆ ಹೋದನು. ಅಲ್ಲಿ ಫುರ್ಕ್ರ್ವಾ ಎಂಬ ರಸಾಯನಶಾಸ್ತ್ರಿಯ ಉಪನ್ಯಾಸಗಳನ್ನೂ, ಅರಸನ ತೋಟವೆಂದು ಮೊದಲು ಕರೆಯಲ್ಪಟ್ಟ ಸಸ್ಯೋದ್ಯಾನದಲ್ಲಿ ಜೊಫ್ರ್ವಾ ಸೇಂಟ್ ಇಲೇರ್ ಎಂಬ ಪ್ರಾಣಿಶಾಸ್ತ್ರಜ್ಞನ ಪಾಠಗಳನ್ನೂ ಕೇಳಿದನು. ಆ ರಾಜಧಾನಿಯಲ್ಲಿಯೇ ನಿಂತು ಕೀರ್ತಿಯನ್ನು ಹುಡುಕಿದ ಯುವಕರು ಬಹಳ ಮಂದಿ. ಬ್ರಾಕೊನೋ ಹಾಗೆ ಮಾಡದೆ ಬೇಗನೆ ನಾನ್ಸಿಗೆ ತಿರುಗಿ ಬಂದನು. 1807ರಲ್ಲಿ ಅವನಿಗೆ ಆ ಪಟ್ಟಣದ ಸಸ್ಯೋದ್ಯಾನದ ಮೇಲ್ವಿಚಾರಣೆಯು ದೊರೆಯಿತು. ಅಂದಿನಿಂದ ಸಾಯುವ ತನಕ ಹತ್ತಿರ ಹತ್ತಿರ ಐವತ್ತು ವರುಷ ಅದೇ ಊರಿನಲ್ಲಿ ಗಿಡಗಳನ್ನು ಪರೀಕ್ಷಿಸುತ್ತಾ ಕಾಲ ಕಳೆದನು. ಅವನು ಬರೆದು ಪ್ರಕಟಿಸಿದ ಪ್ರಬಂಧಗಳ ಸಂಖ್ಯೆ ನೂರನ್ನು ಮೀರುತ್ತದೆ.

ಬ್ರಾಕೊನೋವಿನ ಪದ್ಧತಿಯು ಸರಳವಾದದ್ದು. ಯಾರೂ ಗಮನಿಸದ ವಸ್ತುವನ್ನು ತೆಗೆದುಕೊಂಡು, ಅದನ್ನು ಕ್ಷಾರದಲ್ಲಿಯೋ ಆಮ್ಲದಲ್ಲಿಯೋ ಕುದಿಸಿ, ಕರಗಿದ್ದೇನು, ಉಳಿದದ್ದೇನು ಎಂದು ಬೇರ್ಪಡಿಸಿ ತೂಗುವದು. 1811ರಲ್ಲಿ ಅಣಬೆಗಳನ್ನು ಹೀಗೆ ಪರೀಕ್ಷಿಸಿ, ಅವುಗಳ ಒಡಲಿಗೆ ಗಟ್ಟಿತನವನ್ನು ಕೊಡುವ ಒಂದು ವಿಶೇಷ ವಸ್ತುವನ್ನು ಕಂಡುಹಿಡಿದನು. ಸೀಗಡಿಯ ಚಿಪ್ಪೂ ಜೀರುಂಡೆಯ ರೆಕ್ಕೆಯ ಹೊದಿಕೆಯೂ ಅದೇ ವಸ್ತುವಿನಿಂದ ಆಗಿವೆ ಎಂದು ಮುಂದೆ ತಿಳಿದು ಬಂತು. ಅದಕ್ಕೆ ಕೈಟಿನ್ ಎಂದು ಹೆಸರಾಯಿತು. ಮಳೆಗಾಲದ ಅಣಬೆಯೂ ಹೊಳೆಯ ಸೀಗಡಿಯೂ ಒಂದೇ ಬಗೆಯ ಅಂಗಿಯನ್ನು ತೊಟ್ಟಿವೆ ಎಂಬದು ಸೋಜಿಗವಲ್ಲವೆ?

ಇನ್ನು ಸಕ್ಕರೆಯ ಸಂಗತಿಗೆ ಬರೋಣ. ಆ ದಿನಗಳಲ್ಲಿ ಯುರೋಪಿನವರು ತಿನ್ನುತ್ತಿದ್ದ ಸಕ್ಕರೆಯು ಬಹುಪಾಲು ಪಶ್ಚಿಮ ಸಮುದ್ರದ ದ್ವೀಪಗಳಿಂದ ಬರುತ್ತಿತ್ತು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಲ್ಲಿ ಕಬ್ಬನ್ನು ಕಡಿದು, ಗಾಣಕ್ಕೆ ಒಡ್ಡಿ, ಕೊಪ್ಪರಿಗೆಗಳ ಉರಿಯಲ್ಲಿ ಬೆಂದು ಅದನ್ನು ಮಾಡುತ್ತಿದ್ದರು. ಫ್ರಾನ್ಸಿನ ಸೆಂಟ್ ಡೊಮಿಂಗ್ ಎಂಬ ದ್ವೀಪದ ಗುಲಾಮರು 1791ರಲ್ಲಿ ದಂಗೆ ಎದ್ದು 1804ರಲ್ಲಿ ಹೈಟಿ ಎಂಬ ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿಕೊಂಡರು. 1806ರಲ್ಲಿ ನೆಪೋಲಿಯನನು ಇಂಗ್ಲೆಂಡಿನೊಡನೆ ವ್ಯಾಪಾರವನ್ನು ನಿಷೇಧಿಸಿದನು. ಸಮುದ್ರವು ಇಂಗ್ಲಿಷರ ಹಡಗುಗಳ ಕೈಯಲ್ಲಿತ್ತು. ಹೀಗಿರಲಾಗಿ ಯುರೋಪಿನ ಭೂಭಾಗದಲ್ಲಿ ಸಕ್ಕರೆಯು ಬಂಗಾರದಂತಾಯಿತು.

ಕೊರತೆಯು ಜನರನ್ನು ಯೋಚನೆಗೆ ಹಚ್ಚುತ್ತದೆ. ಕೆಲವರು ಬೀಟ್ ಗಡ್ಡೆಯಿಂದ ಸಕ್ಕರೆಯನ್ನು ತೆಗೆಯುವ ಕಾರ್ಖಾನೆಗಳನ್ನು ಕಟ್ಟಿದರು. 1811ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಖೋಫ್ ಎಂಬವನು ಗಂಜಿಯ ಪುಡಿಯನ್ನು, ಅಂದರೆ ಪಿಷ್ಟವನ್ನು, ತೆಳುವಾದ ಗಂಧಕಾಮ್ಲದಲ್ಲಿ ಕುದಿಸಿ ಸಿಹಿಯಾದ ಪಾಕವನ್ನು ಪಡೆದನು. ಇದು ದೊಡ್ಡ ಸಂಗತಿಯೇ ಸರಿ. ಆದರೆ ಪಿಷ್ಟವು ಬರುವದು ಆಲೂಗಡ್ಡೆಯಿಂದ ಇಲ್ಲವೆ ಗೋಧಿಯಿಂದ. ಊಟದ ವಸ್ತುವನ್ನು ಕೊಟ್ಟು ಸಿಹಿಯನ್ನು ಪಡೆದರೆ ಹಸಿದವನಿಗೆ ಲಾಭವೇನು?

ಹಸಿವೆಯು ಬರೀ ಮಾತಾಗಿರಲಿಲ್ಲ. 1815ರಲ್ಲಿ ಪೂರ್ವ ಸಮುದ್ರದ ಸುಂಬಾವ ದ್ವೀಪದಲ್ಲಿ ತಂಬೋರಾ ಎಂಬ ಜ್ವಾಲಾಮುಖಿಯು ಸ್ಫೋಟಿಸಿತು. ಅದು ಕಾರಿದ ಧೂಳೂ ಗಂಧಕದ ಮಂಜೂ ಆಕಾಶದಲ್ಲಿ ಹರಡಿ ಸೂರ್ಯನ ಬಿಸಿಲನ್ನು ತಗ್ಗಿಸಿದವು. ಅದರ ಫಲವಾಗಿ 1816ರಲ್ಲಿ ಯುರೋಪಿನ ಅನೇಕ ಸೀಮೆಗಳಿಗೆ ಬೇಸಿಗೆಯೇ ಬರಲಿಲ್ಲ. ಪೂರ್ವ ಫ್ರಾನ್ಸ್, ಸ್ವಿಟ್ಸರ್ಲೆಂಡ್, ಜರ್ಮನ್ ದೇಶಗಳಲ್ಲಿ ಪೈರು ಮಳೆಯಲ್ಲಿ ಕೊಳೆಯಿತು. 1817ರಲ್ಲಿ ರೊಟ್ಟಿಯ ಬೆಲೆ ಬಡವರ ಕೈಗೆ ಎಟುಕದೆ ಹೋಯಿತು. ಆ ಬರದ ನೆನಪು ಮಾಸುವದರೊಳಗಾಗಿ, 1819ರಲ್ಲಿ, ಬ್ರಾಕೊನೋ ತನ್ನ ಹೆಸರನ್ನು ಶಾಶ್ವತಗೊಳಿಸಿದ ಪ್ರಬಂಧವನ್ನು ಪ್ರಕಟಿಸಿದನು.

ಅವನು ಮಾಡಿದ್ದೇನಂದರೆ, ಅಗಸೆನಾರಿನಿಂದ ನೇದ ಹಳೆಯ ಬಟ್ಟೆಯ ಚಿಂದಿಗಳನ್ನು ಚೆನ್ನಾಗಿ ಒಣಗಿಸಿ, ತೂಗಿ, ಗಾಜಿನ ಪಾತ್ರೆಯಲ್ಲಿ ಹಾಕಿದನು. ಅದರ ಮೇಲೆ ತೀಕ್ಷ್ಣವಾದ ಗಂಧಕಾಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತಾ, ಬಿಸಿಯೇರದಂತೆ ಜಾಗ್ರತೆಯಿಂದ ಅರೆದನು. ಈ ಆಮ್ಲವು ಮೈಗೆ ತಗಲಿದರೆ ಚರ್ಮ ಸುಟ್ಟು ಹೋಗುತ್ತದೆ. ಬಟ್ಟೆಯು ಬಿಸಿಯೇರಿದರೆ ಕರಿದಾಗಿ ಕೆಡುತ್ತದೆ. ಆದರೆ ಮೆಲ್ಲಗೆ ಅರೆದಾಗ ಬಟ್ಟೆಯು ಬಟ್ಟೆಯ ರೂಪವನ್ನೇ ಕಳಕೊಂಡು ಅಂಟಿನಂಥ ಮುದ್ದೆಯಾಯಿತು. ಆ ಮುದ್ದೆಯು ನೀರಿನಲ್ಲಿ ಕರಗಿತು. ಕೂಡಲೆ ಸೀಮೆಸುಣ್ಣವನ್ನು ಬೆರಸಿ ಆಮ್ಲವನ್ನು ತೆಗೆದುಬಿಟ್ಟರೆ ಗೋಂದಿನಂಥ ವಸ್ತು ದೊರೆಯಿತು. ಹಾಗೆ ತೆಗೆಯದೆ, ಬಹಳ ನೀರು ಬೆರಸಿ ಸುಮಾರು ಹತ್ತು ಗಂಟೆಗಳ ಕಾಲ ಕುದಿಸಿ, ಆಮೇಲೆ ಸೀಮೆಸುಣ್ಣದಿಂದ ಆಮ್ಲವನ್ನು ಇಳಿಸಿ, ಸೋಸಿ, ನೀರನ್ನು ಆರಿಸಿದರೆ ಪಾತ್ರೆಯ ತಳದಲ್ಲಿ ಉಳಿದದ್ದು ಸಿಹಿಯಾದ ಪಾಕ. ಕೆಲವು ದಿವಸ ಇಟ್ಟರೆ ಆ ಪಾಕದಲ್ಲಿ ಸಕ್ಕರೆಯ ಹರಳುಗಳು ಕಟ್ಟಿದವು. ದ್ರಾಕ್ಷೆಯ ಹಣ್ಣಿನಲ್ಲಿರುವ ಸಕ್ಕರೆಯೂ ಕಿರ್ಖೋಫನು ಪಿಷ್ಟದಿಂದ ಪಡೆದ ಸಕ್ಕರೆಯೂ ಇದೂ ಒಂದೇ ಎಂದು ಬ್ರಾಕೊನೋ ಗುರುತಿಸಿದನು. ಬಟ್ಟೆ ಮಾತ್ರವಲ್ಲ, ಮರ ಕೊಯ್ದ ಹೊಟ್ಟೂ ಇದೇ ದಾರಿಯಲ್ಲಿ ಸಕ್ಕರೆಯನ್ನು ಕೊಟ್ಟಿತು.

ಇನ್ನೊಂದು ಆಶ್ಚರ್ಯ ಉಂಟು. ಕೊನೆಗೆ ತೂಗಿ ನೋಡಿದಾಗ ಸಕ್ಕರೆಯ ತೂಕವು ಬಟ್ಟೆಯ ತೂಕಕ್ಕಿಂತ ಹೆಚ್ಚಾಗಿತ್ತು. ಸೇರು ಹಾಕಿದವನು ಸೇರಿಗಿಂತ ಹೆಚ್ಚು ಪಡೆದನೆಂದರೆ ಯಾರು ನಂಬುವರು? ಆದರೆ ಇದರಲ್ಲಿ ಮಾಯೆ ಏನೂ ಇಲ್ಲ. ಬಟ್ಟೆಯ ನಾರು ಸಕ್ಕರೆಯಾಗುವಾಗ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಇಂದಿನ ಲೆಕ್ಕದ ಪ್ರಕಾರ 162 ತೊಲ ನಾರು 18 ತೊಲ ನೀರನ್ನು ಕೂಡಿಸಿಕೊಂಡು 180 ತೊಲ ಸಕ್ಕರೆಯಾಗುತ್ತದೆ. ತಕ್ಕಡಿಯು ಸುಳ್ಳು ಹೇಳಲಿಲ್ಲ. ಅದನ್ನು ಹಿಡಿದವನೂ ಸುಳ್ಳು ಹೇಳಲಿಲ್ಲ.

ನಾರಿನೊಳಗೆ ಸಕ್ಕರೆಯು ಎಲ್ಲಿ ಅಡಗಿತ್ತು ಎಂದು ನೀವು ಕೇಳಬಹುದು. ದಾರದಲ್ಲಿ ಪೋಣಿಸಿದ ಮಣಿಗಳನ್ನು ನೆನಸಿಕೊಳ್ಳಿರಿ. ಗಿಡವು ಎಲೆಯಲ್ಲಿ ಬಿಸಿಲಿನ ಬಲದಿಂದ ಸಕ್ಕರೆಯನ್ನು ಮಾಡಿಕೊಂಡು, ಆ ಸಕ್ಕರೆಯ ಮಣಿಗಳನ್ನು ಸಾವಿರಗಟ್ಟಲೆ ಉದ್ದಕ್ಕೆ ಜೋಡಿಸುತ್ತದೆ. ಒಂದು ರೀತಿಯಲ್ಲಿ ಜೋಡಿಸಿದರೆ ಪಿಷ್ಟ, ಅಂದರೆ ರಾಗಿ ಅಕ್ಕಿಗಳ ಹಿಟ್ಟು. ಇನ್ನೊಂದು ರೀತಿಯಲ್ಲಿ ಜೋಡಿಸಿದರೆ ಹತ್ತಿ, ನಾರು, ಕಟ್ಟಿಗೆ. ಮಣಿ ಒಂದೇ, ಗಂಟು ಬೇರೆ. ಪಿಷ್ಟದ ಗಂಟನ್ನು ನಮ್ಮ ಹೊಟ್ಟೆ ಬಿಚ್ಚಬಲ್ಲದು. ನಾರಿನ ಗಂಟನ್ನು ಬಿಚ್ಚಲಾರದು. ಎತ್ತು ಹುಲ್ಲನ್ನು ತಿಂದು ಹೊಲ ಉಳುವದು ಹೇಗಂದರೆ, ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸವಾಗಿದ್ದು ಆ ಗಂಟನ್ನು ಬಿಚ್ಚಿಕೊಡುತ್ತವೆ. ತೊಲೆಯನ್ನು ತಿನ್ನುವ ಗೆದ್ದಲಿನ ಗುಟ್ಟೂ ಇದೇ ಬಗೆಯದು. ಈ ನಾರಿನ ವಸ್ತುವನ್ನು ಬೇರ್ಪಡಿಸಿ 1838ರಲ್ಲಿ ತಿಳಿಸಿದವನು ಆನ್ಸೆಲ್ಮ್ ಪಯೆನ್ ಎಂಬ ಮತ್ತೊಬ್ಬ ಫ್ರೆಂಚನು; ಅದಕ್ಕೆ ಸೆಲ್ಯುಲೋಸ್ ಎಂದು ಹೆಸರು ಬಂತು. ಅಂದರೆ ವಸ್ತುವಿಗೆ ಹೆಸರಿಡುವದಕ್ಕೆ ಹತ್ತೊಂಬತ್ತು ವರುಷ ಮೊದಲೇ ಬ್ರಾಕೊನೋ ಅದರ ಗಂಟನ್ನು ಬಿಚ್ಚಿದ್ದನು.

ಹಾಗಾದರೆ ಮರುವರುಷವೇ ಕಟ್ಟಿಗೆಯಿಂದ ಸಕ್ಕರೆಯ ಬೆಟ್ಟಗಳೆದ್ದವೋ? ಇಲ್ಲ. ಇದನ್ನು ಮರೆಮಾಡದೆ ಹೇಳುವದು ನಮ್ಮ ಕರ್ತವ್ಯ. ಒಂದು ಹಿಡಿ ಚಿಂದಿಯನ್ನು ಕರಗಿಸುವದಕ್ಕೆ ಅದರ ತೂಕಕ್ಕಿಂತ ಹೆಚ್ಚು ಆಮ್ಲ ಬೇಕು. ಆ ಆಮ್ಲವು ಸೀಮೆಸುಣ್ಣದೊಡನೆ ಸೇರಿ ಜಿಪ್ಸಮ್ ಎಂಬ ಬಿಳಿಯ ಮಣ್ಣಾಗಿ ಕೆಳಗಿಳಿಯುತ್ತದೆ. ಅದನ್ನು ತಿರುಗಿ ಪಡೆಯಲಾಗದು. ಸಕ್ಕರೆ ಬಂತು, ಆಮ್ಲ ಹೋಯಿತು. ಹೋದದ್ದರ ಬೆಲೆ ಬಂದದ್ದರ ಬೆಲೆಗಿಂತ ಹೆಚ್ಚು. ಮೇಲಾಗಿ ಕಟ್ಟಿಗೆಯು ಚಿಂದಿಯಂತೆ ಶುದ್ಧವಾದ ನಾರಲ್ಲ. ಅದರಲ್ಲಿ ಸೆಲ್ಯುಲೋಸಿನ ಪಾಲು ಅರ್ಧದಷ್ಟು ಮಾತ್ರ. ಉಳಿದ ಪಾಲಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತುವು ಗೋಡೆಯ ಗಾರೆಯಂತೆ ನಾರುಗಳನ್ನು ಬಿಗಿದು ಹಿಡಿದಿರುತ್ತದೆ. ಅಷ್ಟರಲ್ಲಿ ಬೀಟ್ ಗಡ್ಡೆಯ ಸಕ್ಕರೆಯೂ ಅಗ್ಗವಾಗುತ್ತಾ ಬಂತು. ಹೀಗೆ ಬ್ರಾಕೊನೋವಿನ ಸಕ್ಕರೆಯು ಅವನ ಕಾಲದ ಬಡವನ ಬಟ್ಟಲಿಗೆ ಬರಲೇ ಇಲ್ಲ.

ಬ್ರಾಕೊನೋ ಇದರಿಂದ ಎದೆಗುಂದಿ ಕೂಡ್ರಲಿಲ್ಲ. ನಾರನ್ನು ಬಿಚ್ಚಿದ ಆಮ್ಲವು ಬೇರೆ ವಸ್ತುಗಳನ್ನೂ ಬಿಚ್ಚೀತೋ ಎಂದು ಪರೀಕ್ಷಿಸಹೋದನು. 1820ರಲ್ಲಿ ಚರ್ಮ ಎಲುಬುಗಳಿಂದಾಗುವ ಸರೇಸನ್ನು ಗಂಧಕಾಮ್ಲದಲ್ಲಿ ಕುದಿಸಿದಾಗ ಸಿಹಿಯಾದ ಹರಳುಗಳು ದೊರೆತವು. ಅವನು ಅದನ್ನು ಸರೇಸಿನ ಸಕ್ಕರೆಯೆಂದು ಎಣಿಸಿದನು. ಅದು ಸಕ್ಕರೆಯಲ್ಲ, ಗ್ಲೈಸಿನ್ ಎಂಬ ಬೇರೆ ಜಾತಿಯ ವಸ್ತು ಎಂದು ತರುವಾಯದವರು ತಿಳಿದರು. ಮಾಂಸದಿಂದಲೂ ಉಣ್ಣೆಯಿಂದಲೂ ಲ್ಯೂಸಿನ್ ಎಂಬದನ್ನು ಅವನು ಪಡೆದನು. ನಮ್ಮ ಮೈಯ ಮಾಂಸಖಂಡಗಳನ್ನು ಕಟ್ಟುವ ಇಟ್ಟಿಗೆಗಳೇ ಇವು. ಹೆಸರಿಡುವದರಲ್ಲಿ ಅವನು ತಪ್ಪಿದನು. ಕಂಡದ್ದನ್ನು ಕಂಡಂತೆ ತೂಗಿ ಬರೆದದ್ದರಿಂದ ಆ ತಪ್ಪನ್ನು ತಿದ್ದುವದು ಇತರರಿಗೆ ಸುಲಭವಾಯಿತು. 1825ರಲ್ಲಿ ಹಣ್ಣುಗಳ ರಸವನ್ನು ಮುದ್ದೆಗಟ್ಟಿಸುವ ಪೆಕ್ಟಿನ್ ಎಂಬ ವಸ್ತುವನ್ನು ವಿವರಿಸಿದನು. ಹಣ್ಣಿನ ಜಾಮು ಗಟ್ಟಿಯಾಗುವದು ಇದರಿಂದಲೇ.

ಅವನ ಇನ್ನೊಂದು ಶೋಧನೆಯನ್ನು ಹೇಳುವಾಗ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. 1830ರ ಬಳಿಕ ಅವನು ಪಿಷ್ಟಕ್ಕೂ ಕಟ್ಟಿಗೆಯ ನಾರಿಗೂ ನೈಟ್ರಿಕ್ ಆಮ್ಲವನ್ನು ಕೂಡಿಸಿ, ಬೆಂಕಿ ತಗಲಿದ ಕೂಡಲೆ ಭಗ್ಗನೆ ಉರಿಯುವ ಒಂದು ವಸ್ತುವನ್ನು ಮಾಡಿ ಅದಕ್ಕೆ ಕ್ಸೈಲೊಯಿಡಿನ್ ಎಂದು ಹೆಸರಿಟ್ಟನು. ಇದೇ ದಾರಿಯಲ್ಲಿ ನಡೆದು ಶೋನ್‌ಬೈನ್ ಎಂಬ ಪಂಡಿತನು 1846ರಲ್ಲಿ ಹತ್ತಿಯಿಂದ ತೋಪಿನ ಮದ್ದನ್ನು ಮಾಡಿದನು. ಅದೇ ದಾರಿಯಲ್ಲಿ ಮುಂದೆ ನಡೆದವರು ಬಾಚಣಿಗೆಗಳನ್ನೂ ಚಿತ್ರದ ಸುರುಳಿಗಳನ್ನೂ ಮಾಡುವ ಸೆಲ್ಯುಲಾಯಿಡನ್ನೂ ಮೊಟ್ಟಮೊದಲನೆಯ ಕೃತಕ ರೇಷ್ಮೆಯನ್ನೂ ಪಡೆದರು. ಒಂದೇ ಹತ್ತಿ, ಒಂದೇ ಆಮ್ಲ. ಒಬ್ಬನ ಕೈಯಲ್ಲಿ ಗುಂಡು, ಮತ್ತೊಬ್ಬನ ಕೈಯಲ್ಲಿ ಸೀರೆ. ವಿದ್ಯೆಯು ಬಾಗಿಲನ್ನು ತೆರೆಯುತ್ತದೆ; ಒಳಗೆ ಹೋಗಿ ಏನನ್ನು ಎತ್ತಿಕೊಳ್ಳಬೇಕೆಂಬದು ಮನುಷ್ಯನ ಮೇಲೆಯೇ ಇರುತ್ತದೆ.

ಪ್ಯಾರಿಸಿನ ವಿಜ್ಞಾನ ಸಭೆಯವರು 1823ರಲ್ಲಿ ಅವನನ್ನು ತಮ್ಮ ಹೊರಊರಿನ ಸದಸ್ಯನನ್ನಾಗಿ ಆರಿಸಿಕೊಂಡರು. ಆಗಲೂ ಅವನು ನಾನ್ಸಿಯ ತೋಟವನ್ನು ಬಿಡಲಿಲ್ಲ. 1855ನೇ ಇಸವಿಯ ಜನವರಿ ತಿಂಗಳಲ್ಲಿ ಅದೇ ಪಟ್ಟಣದಲ್ಲಿ ಅವನು ತೀರಿಕೊಂಡನು.

ಅವನು ಸತ್ತರೂ ಅವನ ಪ್ರಶ್ನೆಯು ಸಾಯಲಿಲ್ಲ. ಒಂದನೆಯ ಮಹಾಯುದ್ಧದ ದಿನಗಳಲ್ಲಿ ಅಮೇರಿಕದ ತೆಂಕಣ ಸೀಮೆಗಳಲ್ಲಿ ಮರ ಕೊಯ್ಯುವ ಗಿರಣಿಗಳ ಹೊಟ್ಟನ್ನು ತೆಳುವಾದ ಆಮ್ಲದಲ್ಲಿ ಬೇಯಿಸಿ, ಬಂದ ಸಕ್ಕರೆಯನ್ನು ಹುಳಿಯಿಸಿ ಮದ್ಯಸಾರವನ್ನು ಇಳಿಸಿದರು. ಆ ಕಾರ್ಖಾನೆಗಳು ಯುದ್ಧ ಮುಗಿದ ಮೇಲೆ ಬಾಳಲಿಲ್ಲ. 1922ರಲ್ಲಿ ಅಮೇರಿಕದವರು ಓಟ್ಸ್ ಧಾನ್ಯದ ಸಿಪ್ಪೆಯಿಂದ ಫರ್ಫ್ಯೂರಲ್ ಎಂಬ ದ್ರವವನ್ನು ತೆಗೆಯತೊಡಗಿದರು. ಅದು ಯಂತ್ರಗಳ ಎಣ್ಣೆಯನ್ನು ಶುದ್ಧಿಮಾಡುವದಕ್ಕೂ ರಾಳದಂಥ ವಸ್ತುಗಳನ್ನು ಮಾಡುವದಕ್ಕೂ ಉಪಯೋಗವಾಯಿತು. ಜರ್ಮನಿಯಲ್ಲಿ 1931ರ ನೊಬೆಲ್ ಬಹುಮಾನವನ್ನು ಪಡೆದ ಬೆರ್ಗಿಯುಸ್ ಎಂಬವನು ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲದಿಂದ ಕಟ್ಟಿಗೆಯ ಸಕ್ಕರೆಯನ್ನು ಮಾಡಿದನು. ಯುದ್ಧದ ಇಕ್ಕಟ್ಟಿನಲ್ಲಿ ಇಂಥ ಸಕ್ಕರೆಗೆ ಬೆಲೆ ಬರುತ್ತಿತ್ತು. ಶಾಂತಿ ಬಂದೊಡನೆ ಕಬ್ಬೂ ಬೀಟೂ ಗೆಲ್ಲುತ್ತಿದ್ದವು.

ಕೊನೆಗೆ ಹೊಸ ದಾರಿಯನ್ನು ತೋರಿಸಿದ್ದು ಒಂದು ಬೂಷ್ಟು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಬೀಡು ಬಿಟ್ಟಿದ್ದ ಅಮೇರಿಕದ ಸೈನ್ಯದ ಹತ್ತಿಯ ಡೇರೆಗಳು ಮಳೆಯ ತೇವದಲ್ಲಿ ಬೇಗಬೇಗನೆ ಲಡ್ಡಾಗಿ ಹರಿದುಹೋಗುತ್ತಿದ್ದವು. ಕಾರಣವನ್ನು ಹುಡುಕಿದಾಗ ಹಸುರು ಬಣ್ಣದ ಒಂದು ಬೂಷ್ಟು ಸಿಕ್ಕಿತು. ಅದನ್ನು ಶೋಧಿಸಿದ ಎಲ್ವಿನ್ ರೀಸ್ ಎಂಬವನ ಹೆಸರಿನಿಂದ ಅದಕ್ಕೆ ಟ್ರೈಕೊಡರ್ಮಾ ರೀಸೈ ಎಂದು ಹೆಸರಾಯಿತು. ಈ ಬೂಷ್ಟು ಕಿಣ್ವವೆಂಬ ರಸವನ್ನು ಸುರಿಸಿ, ಆಮ್ಲವಿಲ್ಲದೆ, ಉರಿಯಿಲ್ಲದೆ, ನಾರಿನ ಗಂಟನ್ನು ಬಿಚ್ಚುತ್ತದೆ. ಡೇರೆಗೆ ಶತ್ರುವಾದದ್ದೇ ಕಾರ್ಖಾನೆಗೆ ಕೆಲಸಗಾರನಾಯಿತು! ನಮ್ಮ ದೇಶದಲ್ಲಿಯೂ ಹರಿಯಾಣದ ಪಾಣಿಪತ್ತಿನಲ್ಲಿ 2022ರ ಆಗಸ್ಟ್ ತಿಂಗಳಲ್ಲಿ ಭತ್ತದ ಹುಲ್ಲಿನಿಂದ ಮದ್ಯಸಾರವನ್ನು ತೆಗೆಯುವ ದೊಡ್ಡ ಕಾರ್ಖಾನೆಯು ಪ್ರಾರಂಭವಾಯಿತು. ವರುಷಕ್ಕೆ ಸುಮಾರು 2 ಲಕ್ಷ ಟನ್ನು ಹುಲ್ಲಿನಿಂದ ಸುಮಾರು 3 ಕೋಟಿ ಲೀಟರು ಮದ್ಯಸಾರವನ್ನು ಪಡೆಯಬೇಕೆಂಬದು ಅದರ ಉದ್ದೇಶ. ಮದ್ಯಸಾರವೆಂದು ಕೇಳಿ ವಾಚಕರು ಹುಬ್ಬು ಗಂಟಿಕ್ಕುವದು ಬೇಡ; ಇದು ಮನುಷ್ಯನ ಬಾಯಿಗಲ್ಲ, ಪೆಟ್ರೋಲಿನೊಡನೆ ಬೆರಸಿ ಮೋಟಾರಿನ ಹೊಟ್ಟೆಗೆ. ಆ ಸೀಮೆಯ ರೈತರು ಗದ್ದೆಯಲ್ಲಿಯೇ ಸುಟ್ಟುಬಿಡುತ್ತಿದ್ದ ಹುಲ್ಲಿಗೆ ಒಂದು ಬೆಲೆ ಕಟ್ಟುವ ಪ್ರಯತ್ನವಿದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹೊಲದ ಕಸವೆಲ್ಲವೂ ವ್ಯರ್ಥವೆಂದೂ, ಆದಕಾರಣ ಎಲ್ಲವನ್ನೂ ಕಾರ್ಖಾನೆಗೆ ಒಯ್ಯಬಹುದೆಂದೂ ತಿಳಿಯಬಾರದು. ಜೋಳದ ದಂಟು ದನದ ಮೇವು. ಕೊಳೆತ ಹುಲ್ಲು ಭೂಮಿಯ ಮೇವು. ದನದ ಬಾಯಿಂದಲೂ ಮಣ್ಣಿನ ಬಾಯಿಂದಲೂ ಕಸಕೊಂಡು ಯಂತ್ರಕ್ಕೆ ಹಾಕಿದರೆ, ಊಟವನ್ನು ಕೊಟ್ಟು ಸಿಹಿಯನ್ನು ಪಡೆದ ಹಳೆಯ ಕಥೆಯೇ ಆದೀತು. ಸುಡುವದನ್ನು ಕೊಡಬಹುದು, ತಿನ್ನಿಸುವದನ್ನು ಕೊಡುವ ಮೊದಲು ಲೆಕ್ಕ ಹಾಕಬೇಕು.

ಬ್ರಾಕೊನೋ ತನ್ನ ಸಕ್ಕರೆಯಿಂದ ಒಬ್ಬ ಬಡವನ ಹಸಿವನ್ನೂ ತೀರಿಸಲಿಲ್ಲ. ಆದಾಗ್ಯೂ ಅವನ ಶ್ರಮವು ವ್ಯರ್ಥವಾಯಿತೆಂದು ನಾವು ಹೇಳಲಾರೆವು. ಇದೆಯೆಂದು ತೋರಿಸುವದು ಒಂದು ಕೆಲಸ. ಅದನ್ನು ಬಡವನ ಕೈಗೆಟುಕುವ ಬೆಲೆಗೆ ತರುವದು ಇನ್ನೊಂದು ಕೆಲಸ. ಮೊದಲನೆಯದನ್ನು ಒಬ್ಬ ಮನುಷ್ಯನು ಒಂದು ಗಾಜಿನ ಪಾತ್ರೆಯಲ್ಲಿ ಕೆಲವೇ ದಿನಗಳಲ್ಲಿ ಮಾಡಿದನು; ಎರಡನೆಯದು ಎರಡು ನೂರು ವರುಷಗಳಾದರೂ ಇನ್ನೂ ಪೂರ್ತಿಯಾಗಿ ಮುಗಿದಿಲ್ಲ. ಬಾವಿಯಲ್ಲಿ ನೀರು ಉಂಟೆಂದು ಮೊದಲು ಒಬ್ಬನು ನಿಶ್ಚಯವಾಗಿ ಹೇಳದಿದ್ದರೆ ಹಗ್ಗ ಹೊಸೆಯುವವರು ಯಾರು? ಆದುದರಿಂದ, ಪ್ರಿಯ ವಾಚಕರೇ, ಈ ಸಾರಿ ಹರಕು ಬಟ್ಟೆಯನ್ನು ತಿಪ್ಪೆಗೆ ಎಸೆಯುವಾಗ ನಾನ್ಸಿಯ ಆ ತೋಟದವನನ್ನು ಒಮ್ಮೆ ನೆನಸಿಕೊಳ್ಳಿರಿ. ನಾವು ಕಸವೆಂದು ಕರೆಯುವದರಲ್ಲಿ ಎಷ್ಟೋ ವಸ್ತುಗಳು ನಿಜವಾಗಿ ಕಸವಲ್ಲ. ಅವುಗಳ ಗಂಟನ್ನು ಬಿಚ್ಚಲು ನಾವು ಇನ್ನೂ ಕಲಿತಿಲ್ಲ, ಅಷ್ಟೇ.